ಆಯಿಲ್ ಸೀಲು ಬಾಳಿಕೆ ಬರುವಂತೆ ಶಾಫ್ಟನ್ನು ಸಿದ್ಧಪಡಿಸುವ ಕ್ರಮ

ಬತ್ತದ ಗದ್ದೆಗಳಲ್ಲಿ ಕೆಸರು ಮಾಡುವ ಕೆಲಸವು ಈಗ ಬಹುಮಟ್ಟಿಗೆ ಪವರ್ ಟಿಲ್ಲರುಗಳಿಂದಲೂ, ಟ್ರ್ಯಾಕ್ಟರಿಗೆ ಹೂಡಿದ ರೋಟವೇಟರುಗಳಿಂದಲೂ ನಡೆಯುತ್ತಿರುವುದು. ಈ ಯಂತ್ರಗಳ ಗೇರುಪೆಟ್ಟಿಗೆಯಿಂದ ಶಾಫ್ಟು ಹೊರಕ್ಕೆ ಬರುವ ಬಾಯಲ್ಲಿ ರಬ್ಬರಿನ ಒಂದು ಬಳೆಯಿರುತ್ತದೆ. ಇದೇ ಆಯಿಲ್ ಸೀಲು. ಒಳಗಿನ ಎಣ್ಣೆಯು ಹೊರಕ್ಕೂ, ಹೊರಗಿನ ಕೆಸರುನೀರು ಒಳಕ್ಕೂ ಹೋಗದಂತೆ ತಡೆಯುವುದು ಇದರ ಕೆಲಸ. ಇದರ ಬೆಲೆ ಅತ್ಯಲ್ಪ. ಆದರೆ ಇದು ಕೆಟ್ಟಲ್ಲಿ ಬೇರಿಂಗುಗಳೂ ಗೇರುಗಳೂ ಕೆಡುವುವು. ನಾಲೆಗೆ ನೀರು ಬಿಟ್ಟು, ಒಟ್ಟಲಿನ ಪೈರು ನಾಟಿಗೆ ಬಂದಿರುವಾಗ ಯಂತ್ರವು ನಿಂತರೆ ಪೈರು ಬಲಿತು, ತೆಂಡೆ ಕಡಿಮೆಯಾಗಿ, ಇಳುವರಿಗೆ ನಷ್ಟವುಂಟಾಗುವುದು.

ಸೀಲು ಸೋರಿದೊಡನೆ ಹೊಸದನ್ನು ಹಾಕಿಸುವುದು ವಾಡಿಕೆ. ಅದೂ ಕೆಲವು ದಿನಗಳಲ್ಲಿಯೇ ಸೋರಿದರೆ ಸರಕು ಕೆಟ್ಟದ್ದೆಂದು ದೂರುವರು. ಅನೇಕ ವೇಳೆ ದೋಷವಿರುವುದು ಸೀಲಿನಲ್ಲಲ್ಲ, ಶಾಫ್ಟಿನಲ್ಲಿ.

1. ಮೈಯ ನುಣುಪು.— ಸೀಲಿನ ತುಟಿಯು ಶಾಫ್ಟನ್ನು ಒತ್ತಿಕೊಂಡಿದ್ದರೂ, ತಿರುಗುವಾಗ ಅವೆರಡರ ನಡುವೆ ಎಣ್ಣೆಯ ಅತಿ ತೆಳುವಾದ ಪೊರೆಯೊಂದು ನಿಲ್ಲುವುದು. ಶಾಫ್ಟಿನ ಮೈ ಒರಟಾಗಿದ್ದರೆ ತುಟಿ ಸವೆಯುವುದು. ಕನ್ನಡಿಯಂತೆ ಅತಿ ನುಣುಪಾಗಿದ್ದರೆ ಎಣ್ಣೆ ನಿಲ್ಲದೆ ತುಟಿ ಸುಡುವುದು. ಆದುದರಿಂದ ಮೈಯ ಒರಟುತನವು ಸರಾಸರಿ 0.2 ರಿಂದ 0.8 ಮೈಕ್ರಾನಿನೊಳಗೆ ಇರತಕ್ಕದ್ದು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

2. ಸುರುಳಿ ಗೆರೆಗಳು.— ಲೇತಿನಲ್ಲಿ ಕಡೆದ ಶಾಫ್ಟಿನ ಮೇಲೆ ತಿರುಪಿನ ಎಳೆಯಂತೆ ಸೂಕ್ಷ್ಮವಾದ ಸುರುಳಿ ಗೆರೆಗಳು ಉಳಿಯುವುವು. ಶಾಫ್ಟು ತಿರುಗಿದಂತೆಲ್ಲ ಇವು ಎಣ್ಣೆಯನ್ನು ಹೊರಕ್ಕೆ ಸಾಗಿಸುವುವು, ಇಲ್ಲವೆ ಕೆಸರನ್ನು ಒಳಕ್ಕೆಳೆಯುವುವು. ಸಾಣೆಕಲ್ಲನ್ನು ಉದ್ದಕ್ಕೆ ಸರಿಸದೆ, ಒಂದೇ ಸ್ಥಳದಲ್ಲಿ ನೇರವಾಗಿ ಒತ್ತಿ ಅರೆದರೆ ಈ ದೋಷವಿರದು. ಇದನ್ನು ಪರೀಕ್ಷಿಸುವುದು ಸುಲಭ. ಶಾಫ್ಟನ್ನು ಲೇತಿನಲ್ಲಿ ಮಟ್ಟವಾಗಿ ಹಿಡಿಸಿ, ತೆಳುವಾಗಿ ಎಣ್ಣೆ ಸವರಿ, ನೂಲೊಂದನ್ನು ಅದರ ಮೇಲೆ ಸುತ್ತುಬಳಸಿ ಇಳಿಬಿಟ್ಟು, ಸುಮಾರು 30 ಗ್ರಾಂ ತೂಕವನ್ನು ಕಟ್ಟಿ ನಿಧಾನವಾಗಿ ತಿರುಗಿಸಬೇಕು. ನೂಲು ಒಂದು ಪಕ್ಕಕ್ಕೆ ಸರಿದು, ವಿರುದ್ಧವಾಗಿ ತಿರುಗಿಸಿದಾಗ ಮತ್ತೊಂದು ಪಕ್ಕಕ್ಕೆ ಸರಿದರೆ ಸುರುಳಿ ಗೆರೆಗಳಿರುವುವೆಂದು ತಿಳಿಯಬೇಕು.

3. ಗಡಸುತನ ಮತ್ತು ಅಳತೆ.— ಶಾಫ್ಟಿನ ಮೈ ರಾಕ್‌ವೆಲ್ ಸಿ ಮಾಪಕದಲ್ಲಿ 45ಕ್ಕೆ ಕಡಿಮೆಯಿರಕೂಡದು. ಧೂಳು ಕೆಸರುಗಳಿರುವಲ್ಲಿ 55 ಇರುವುದು ಮೇಲು. ಅಳತೆಯಲ್ಲಿ, 50 ಮಿಲಿಮೀಟರಿನ ಸೀಲಿಗೆ ಶಾಫ್ಟು 49.84ಕ್ಕೆ ಕಡಿಮೆಯಾಗಲಿ 50.00ಕ್ಕೆ ಹೆಚ್ಚಾಗಲಿ ಇರಕೂಡದು.

4. ಸವೆದ ತೋಡು.— ಹಳೆಯ ಸೀಲು ಕುಳಿತಿದ್ದೆಡೆಯಲ್ಲಿ ಉಗುರನ್ನು ಎಳೆದು ನೋಡಬೇಕು. ಉಗುರು ತಡೆದರೆ ಅಲ್ಲಿ ಹೊಸ ಸೀಲು ನಿಲ್ಲದು. ಇದಕ್ಕೆ ಮೂರು ಉಪಾಯಗಳುಂಟು. ಸೀಲಿನ ಮನೆಯಲ್ಲಿ ಸ್ಥಳವಿದ್ದರೆ ತುಟಿಯು ಹೊಸ ಮೈಯ ಮೇಲೆ ಬರುವಂತೆ ಸೀಲನ್ನು ಎರಡು ಮೂರು ಮಿಲಿಮೀಟರು ಸರಿಸಿ ಕೂರಿಸಬಹುದು. ಇಲ್ಲವೆ ತೆಳುವಾದ ಉಕ್ಕಿನ ತೊಡಿಗೆಯನ್ನು ಶಾಫ್ಟಿಗೆ ಹೊದಿಸಬಹುದು. ತೋಡು ಬಹಳ ಆಳವಾಗಿದ್ದರೆ ಲೋಹವನ್ನು ತುಂಬಿಸಿ ಪುನಃ ಅರೆಯಿಸಬೇಕು. ಅರದಿಂದ ಕೈಯಲ್ಲಿ ಉಜ್ಜಿ ತೋಡನ್ನು ಮರೆಮಾಡುವುದು ಎಂದಿಗೂ ಸಲ್ಲದು. ಶಾಫ್ಟಿನ ದುಂಡುತನವೇ ಕೆಡುವುದು.

5. ಕೂರಿಸುವ ಕ್ರಮ.— ಶಾಫ್ಟಿನ ತುದಿಯ ಅಂಚನ್ನು 15 ರಿಂದ 30 ಡಿಗ್ರಿ ಓರೆಯಾಗಿ ಕಡೆದು ಚೂಪುಗಳನ್ನು ತೆಗೆಯಬೇಕು. ಹಲ್ಲುಗಳಾಗಲಿ ಕೀಲಿಯ ತೋಡಾಗಲಿ ಇದ್ದರೆ ತೆಳುವಾದ ಟೇಪನ್ನು ಸುತ್ತಿ, ಸೀಲು ದಾಟಿದ ಮೇಲೆ ತೆಗೆಯಬೇಕು. ತುಟಿಗೂ ಶಾಫ್ಟಿಗೂ ಎಣ್ಣೆ ಸವರಿ, ಸ್ಪ್ರಿಂಗಿರುವ ಮುಖವನ್ನು ಎಣ್ಣೆಯ ಕಡೆಗೆ ಇಡತಕ್ಕದ್ದು. ಸೀಲಿನ ಅಂಚಿಗೆ ಹೊಂದುವ ಕೊಳವೆಯ ತುಂಡಿನಿಂದ ಸಮನಾಗಿ ಒತ್ತಬೇಕೇ ಹೊರತು ಸುತ್ತಿಗೆಯಿಂದ ಒಂದೇ ಪಕ್ಕಕ್ಕೆ ಹೊಡೆಯಕೂಡದು. ಬೇರಿಂಗು ಸಡಿಲವಾಗಿದ್ದರೆ ಮೊದಲು ಅದನ್ನು ಬದಲಾಯಿಸಬೇಕು; ಅಲುಗುವ ಶಾಫ್ಟಿನಲ್ಲಿ ಯಾವ ಸೀಲೂ ಬಾಳದು.

6. ಚಾಲನೆಯಲ್ಲಿ ಎಚ್ಚರ.— ಗೇರುಪೆಟ್ಟಿಗೆಯ ಉಸಿರುರಂಧ್ರವು ಮಣ್ಣಿನಿಂದ ಮುಚ್ಚಿದರೆ ಒಳಗೆ ಒತ್ತಡವೇರಿ ಒಳ್ಳೆಯ ಸೀಲೂ ಸೋರುವುದು. ಕೆಲಸ ಮುಗಿದೊಡನೆ ಎಂಜಿನನ್ನು ನಿಲ್ಲಿಸಿ, ಶಾಫ್ಟಿಗೆ ಸುತ್ತಿಕೊಂಡ ಹುಲ್ಲು, ದಾರ, ಪ್ಲಾಸ್ಟಿಕ್ಕುಗಳನ್ನು ಕಿತ್ತುಹಾಕಬೇಕು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿತೆಂದರಿತು, ಅದನ್ನು ಚೆಲ್ಲಿ ಹೊಸ ಎಣ್ಣೆಯನ್ನು ತುಂಬಿ, ಸೀಲನ್ನು ಪರೀಕ್ಷಿಸತಕ್ಕದ್ದು.

ಗ್ರಾಮದಲ್ಲಿ ಒಬ್ಬರ ಯಂತ್ರವು ಹತ್ತು ಮಂದಿಯ ಗದ್ದೆಗಳಿಗೆ ಬಾಡಿಗೆಗೆ ಹೋಗುವುದುಂಟು. ಅದು ನಿಂತರೆ ಹತ್ತು ಮಂದಿಯ ನಾಟಿಯೂ ನಿಲ್ಲುವುದು. ಆದುದರಿಂದ ಗ್ರಾಮದ ಯಜಮಾನರೂ ಜಮೀನುದಾರರೂ ಬೇಸಗೆಯಲ್ಲಿಯೇ ಯಂತ್ರಗಳನ್ನು ಬಿಚ್ಚಿಸಿ, ತಮ್ಮ ಎದುರಿನಲ್ಲಿ ಶಾಫ್ಟುಗಳನ್ನು ಪರೀಕ್ಷೆ ಮಾಡಿಸುವುದು ಲೇಸು.