ಕಾಗುಣಿತದಿಂದ ಕಂಪ್ಯೂಟರಿಗೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮರವಾದ ಮೇಲೆ ಬಗ್ಗಲು ಹೊರಟವರ ಪಾಡು ಏನೆಂಬುದನ್ನು ನಾನು ಅನುಭವದಿಂದಲೇ ತಿಳಿದೆನು. ಪ್ರಥಮ ಬಿ.ಎ. ತರಗತಿಗೆ ಸೇರಿದಾಗ ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬೇಕಾಗಿದ್ದಿತು. ಹನ್ನೆರಡು ವರ್ಷ ಓದಿದ್ದರೂ ನನಗೆ ಅದು ಬಾರದು. ಬಲ್ಲವರನ್ನು ಕೇಳೋಣವೆಂದರೆ ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿದವಳು ನಾನೊಬ್ಬಳೇ. ಪೇಟೆಯ ಸೈಬರ್ ಅಂಗಡಿಯೊಂದರಲ್ಲಿ ಹಣ ಕೊಟ್ಟು ಅರ್ಜಿ ತುಂಬಿಸಿದೆನು. ತಂದೆಯವರ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ ಬಿದ್ದಿತು. ಪಕ್ಕದಲ್ಲಿಯೇ ನಿಂತಿದ್ದರೂ ತೆರೆಯ ಮೇಲೆ ಎಲ್ಲಿ ನೋಡಬೇಕೆಂಬುದು ನನಗೆ ತಿಳಿಯಲಿಲ್ಲ. ಆ ವರ್ಷದ ವಿದ್ಯಾರ್ಥಿವೇತನ ಬರಲೇ ಇಲ್ಲ. ಓದುಬರಹ ಬಲ್ಲವಳೂ ಒಂದು ಯಂತ್ರದ ಮುಂದೆ ನಿರಕ್ಷರಿಯಾಗಿ ನಿಲ್ಲಬಹುದೆಂಬ ಮಾತು ಆಗ ಮನಸ್ಸಿಗೆ ನಾಟಿತು.

ಕಾಲೇಜಿನ ಕಂಪ್ಯೂಟರು ಕೊಠಡಿಯಲ್ಲಿ ಕುಳಿತು ಒಂದು ವರ್ಷದಲ್ಲಿ ಈ ವಿದ್ಯೆಯನ್ನು ಸ್ವಲ್ಪಮಟ್ಟಿಗೆ ಕಲಿತುಕೊಂಡೆನು. ಅನಂತರ ನಮ್ಮ ಎನ್.ಎಸ್.ಎಸ್. ಶಿಬಿರವು ಸಮೀಪದ ಹಳ್ಳಿಯೊಂದರಲ್ಲಿ ನಡೆದಾಗ ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೆಯ ತರಗತಿಗೆ ಕಂಪ್ಯೂಟರು ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಮಕ್ಕಳು ೩೧ ಮಂದಿ, ಯಂತ್ರಗಳು ಐದು, ಅವುಗಳಲ್ಲಿ ನಡೆಯುವುವು ಮೂರು. ಶಿಬಿರ ಏಳು ದಿನಕ್ಕೆ ಮುಗಿದರೂ ಪಾಠ ಮುಗಿಯಲಿಲ್ಲ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಾಲ್ಕು ತಿಂಗಳ ಕಾಲ ಪ್ರತಿ ಶನಿವಾರವೂ ಹೋಗಿ ಬಂದೆನು. ಆ ಅಲ್ಪ ಅನುಭವದಿಂದ ನನಗೆ ತೋರಿದ ಕೆಲವು ವಿಷಯಗಳನ್ನು ಸಹಪಾಠಿ ಮಿತ್ರರ ಹಾಗೂ ಅಧ್ಯಾಪಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರು ಬಂದುದು ನಿನ್ನೆ ಮೊನ್ನೆಯ ಮಾತಲ್ಲ. ೧೯೮೪ರಲ್ಲಿಯೇ ‘ಕ್ಲಾಸ್’ ಎಂಬ ಹೆಸರಿನ ಯೋಜನೆಯಲ್ಲಿ ಕೇಂದ್ರ ಸರ್ಕಾರವು ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಕೆಲವು ಶಾಲೆಗಳಿಗೆ ಕೊಟ್ಟಿತು. ೨೦೦೪ರಲ್ಲಿ ಐ.ಸಿ.ಟಿ. ಯೋಜನೆ ಬಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದ ಮಕ್ಕಳಿಗೆ, ಅಂದರೆ ಆರನೆಯ ತರಗತಿಯಿಂದ, ಕೋಡಿಂಗಿನ ಪರಿಚಯವಾಗಬೇಕೆಂದು ಹೇಳಿತು. ಆದರೆ ಶಾಲೆಗೆ ಯಂತ್ರ ಬರುವುದು ಬೇರೆ, ಮಕ್ಕಳಿಗೆ ವಿದ್ಯೆ ಬರುವುದು ಬೇರೆ. ಇವೆರಡರ ನಡುವಿನ ದಾರಿಯನ್ನು ಯಾರಾದರೂ ನಡೆದೇ ತೀರಬೇಕು.

ಕೈ ಮೊದಲು, ಹೆಸರು ಆಮೇಲೆ

ಮೊದಲ ದಿನ ನಾನು ಮಾಡಿದ್ದು ನನಗೆ ಹಿಂದೆ ಪಾಠ ಹೇಳಿದವರು ಮಾಡಿದ್ದನ್ನೇ. ಕಪ್ಪು ಹಲಗೆಯ ಮೇಲೆ ಯಂತ್ರದ ಚಿತ್ರ ಬರೆದು, ಇದು ಮಾನಿಟರು, ಇದು ಕೀಬೋರ್ಡು, ಇದು ಸಿ.ಪಿ.ಯು. ಎಂದು ಭಾಗಗಳ ಹೆಸರನ್ನು ಬರೆಯಿಸಿದೆನು. ಮಕ್ಕಳು ಅಂದವಾಗಿ ಬರೆದುಕೊಂಡರು, ಒಕ್ಕೊರಲಿನಿಂದ ಹೇಳಿದರು. “ಈಗ ಇದನ್ನು ಯಾರು ಆನ್ ಮಾಡುತ್ತೀರಿ?” ಎಂದು ಕೇಳಿದೆನು. ಒಬ್ಬರೂ ಎದ್ದು ಬರಲಿಲ್ಲ. ಈಜಿನ ಪಾಠವನ್ನು ದಡದ ಮೇಲೆ ಕುಳಿತು ಬಾಯಿಪಾಠ ಮಾಡಿಸಿದಂತಾಯಿತು. ಮರುದಿನ ಚಿತ್ರವನ್ನು ಅಳಿಸಿ, ಮೂವರು ಮೂವರಂತೆ ಮಕ್ಕಳನ್ನು ಯಂತ್ರದ ಮುಂದೆ ಕೂರಿಸಿದೆನು.

ಆಗ ಒಂದು ತಮಾಷೆ ನಡೆಯಿತು. ಮೊದಲು ಕುಳಿತ ಬಾಲಕನು ಮೌಸನ್ನು ಮುಟ್ಟದೆ ತೆರೆಯನ್ನೇ ಬೆರಳಿನಿಂದ ತೀಡತೊಡಗಿದನು! ಮನೆಯಲ್ಲಿ ತಂದೆಯ ಮೊಬೈಲನ್ನು ಕಂಡ ಮಗು ಅದು. ಅವನ ಲೆಕ್ಕದಲ್ಲಿ ತೆರೆಯೆಂದರೆ ಬೆರಳಿಗೆ ಓಗೊಡಬೇಕಾದ ವಸ್ತು. ಮೇಜಿನ ಮೇಲೆ ಕೈ ಆಡಿಸಿದರೆ ತೆರೆಯ ಮೇಲೆ ಬಾಣ ಓಡುವುದೆಂಬುದು ಅವನಿಗೆ ವಿಚಿತ್ರವಾಗಿ ಕಂಡಿತು. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಯು ೧೯೬೪ರ ಸುಮಾರಿಗೆ ಮರದ ಪೆಟ್ಟಿಗೆಗೆ ಗಾಲಿಗಳನ್ನು ಜೋಡಿಸಿ ಮೊದಲ ಮೌಸನ್ನು ಮಾಡಿಸಿದನು. ೧೯೬೮ರಲ್ಲಿ ಅದನ್ನು ಸಭೆಯಲ್ಲಿ ತೋರಿಸಿದಾಗ ನೆರೆದ ವಿದ್ವಾಂಸರಿಗೇ ಅದು ಹೊಸದಾಗಿದ್ದಿತು. ಹಾಗಿರುವಾಗ ನಮ್ಮ ಮಕ್ಕಳು ಬೆರಗಾದರೆ ಆಶ್ಚರ್ಯವೇನು?

ಮೌಸು ಹಿಡಿಯುವುದರಲ್ಲಿ ಮೂರು ತೊಡಕುಗಳನ್ನು ಕಂಡೆನು. ಮೊದಲನೆಯದು, ಮೇಜಿನ ಅಂಚು ಬಂದೊಡನೆ ಮಕ್ಕಳು ದಾರಿ ಮುಗಿಯಿತೆಂದು ನಿಂತುಬಿಡುತ್ತಾರೆ. ಮೌಸನ್ನು ಎತ್ತಿ ಮತ್ತೆ ನಡುವೆ ಇಟ್ಟುಕೊಳ್ಳಬಹುದೆಂದು ತೋರಿಸಿಕೊಡಬೇಕು. ಎರಡನೆಯದು, ಎರಡು ಸಲ ಒತ್ತುವಾಗ ನಡುವೆ ಕೈ ಜರುಗಿ ಕೆಲಸ ಕೆಡುತ್ತದೆ. ಮಣಿಕಟ್ಟನ್ನು ಮೇಜಿಗೆ ಊರಿ ಬೆರಳನ್ನು ಮಾತ್ರ ಆಡಿಸಬೇಕು. ಮೂರನೆಯದು ಭಯ, ‘ಒತ್ತಿದರೆ ಕೆಟ್ಟುಹೋಗುತ್ತದೆ’ ಎಂಬ ಭಯ. ಇದಕ್ಕೆ ಔಷಧ ಚಿತ್ರ ಬರೆಯುವ ತಂತ್ರಾಂಶ. ತೆರೆಯ ಮೇಲೆ ರಂಗೋಲಿಯ ಚುಕ್ಕಿ ಇಟ್ಟು ಗೆರೆ ಎಳೆಯಲು ಬಿಟ್ಟೆನು. ಗೆರೆ ಸೊಟ್ಟಗಾದರೆ ಅಳಿಸಬಹುದು, ಯಂತ್ರಕ್ಕೆ ಏನೂ ಆಗುವುದಿಲ್ಲ. ಎರಡು ಶನಿವಾರಗಳಲ್ಲಿ ಕೈ ಪಳಗಿತು. ಭಾಗಗಳ ಹೆಸರುಗಳು ಆಮೇಲೆ ತಾವಾಗಿಯೇ ಬಂದುವು.

ಇಂಗ್ಲಿಷಿನ ಭಯವೂ ಯಂತ್ರದ ಭಯವೂ

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೈಕಟ್ಟಿ ಕುಳಿತೇ ಇರುತ್ತಿದ್ದಳು. ಅವಳ ಸರದಿ ಬಂದಾಗ ಪಕ್ಕದವಳಿಗೆ ಬಿಟ್ಟುಕೊಡುತ್ತಿದ್ದಳು. ಏಕೆಂದು ಕೇಳಿದಾಗ, “ನಂಗೆ ಇಂಗ್ಲಿಷ್ ಬರಲ್ಲ ಅಕ್ಕಾ, ಇದು ನನ್ನಂಥೋರಿಗಲ್ಲ” ಎಂದಳು. ಸೈಬರ್ ಅಂಗಡಿಯಲ್ಲಿ ನಿಂತಿದ್ದಾಗ ನನ್ನ ಮನಸ್ಸಿನಲ್ಲಿದ್ದ ಮಾತೂ ಅದೇ.

ಕೀಲಿಮಣೆಯನ್ನು ನೋಡಿದರೆ ಅವಳ ಭಯ ನ್ಯಾಯವೇ ಎನ್ನಬೇಕು. ಅದರ ಮೇಲಿರುವುವು ಇಂಗ್ಲಿಷ್ ಅಕ್ಷರಗಳು. ಅವೂ ಎ, ಬಿ, ಸಿ ಎಂಬ ಕ್ರಮದಲ್ಲಿಲ್ಲ. ಆ ಜೋಡಣೆಯು ಕ್ರಿಸ್ಟೋಫರ್ ಶೋಲ್ಸ್ ಎಂಬಾತನ ಬೆರಳಚ್ಚು ಯಂತ್ರದಿಂದ ಬಂದದ್ದು. ೧೮೭೪ರಲ್ಲಿ ರೆಮಿಂಗ್ಟನ್ ಕಂಪನಿಯು ಆ ಯಂತ್ರವನ್ನು ಮಾರಾಟಕ್ಕೆ ತಂದಿತು. ಕಾಲಕ್ರಮದಲ್ಲಿ ಆ ಜೋಡಣೆಯೇ ರೂಢಿಯಾಗಿ ಉಳಿಯಿತು.

ಆದರೆ ಇದೇ ಕೀಲಿಮಣೆಯ ಮೇಲೆ ಕನ್ನಡದ ಮತ್ತೊಂದು ಜೋಡಣೆಯೂ ಉಂಟು. ಅದನ್ನು ರೂಪಿಸಿದವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು. ಕರ್ನಾಟಕ ಸರ್ಕಾರವು ಇದನ್ನೇ ಅಧಿಕೃತವೆಂದು ಅಂಗೀಕರಿಸಿದೆ. ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಇದೇ. ಇದರ ಸೊಬಗೇನೆಂದರೆ, ನಮ್ಮ ಕಾಗುಣಿತವನ್ನು ಬಲ್ಲವರಿಗೆ ಇದು ಅರ್ಧ ಬಂದಂತೆಯೇ. ವ್ಯಂಜನದ ಕೀಲಿಯನ್ನು ಒತ್ತಿ, ಅನಂತರ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರ ಮೂಡುತ್ತದೆ. ‘ಕ’ ಒತ್ತಿ ‘ಇ’ ಒತ್ತಿದರೆ ‘ಕಿ’. ‘ಕ’ ಒತ್ತಿ ‘ಉ’ ಒತ್ತಿದರೆ ‘ಕು’. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿಯನ್ನು ಒತ್ತಬೇಕು. ಅ, ಮ, ಎಫ್, ಮ ಎಂದು ಒತ್ತಿದರೆ ‘ಅಮ್ಮ’ ಎಂದಾಗುತ್ತದೆ. ‘ಟ’ ಅಕ್ಷರವು ‘ಕ್ಯೂ’ ಕೀಲಿಯಲ್ಲಿಯೂ ‘ಡ’ ಅಕ್ಷರವು ‘ಡಬ್ಲ್ಯೂ’ ಕೀಲಿಯಲ್ಲಿಯೂ ಇರುವಂಥ ಕೆಲವನ್ನು ಮಾತ್ರ ನೆನಪಿಡಬೇಕಾಗುತ್ತದೆ.

ಇನ್ನೊಂದು ಲಾಭವನ್ನು ನಾನು ಮೊದಲು ಊಹಿಸಿರಲಿಲ್ಲ. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ‘ಶಿಫ್ಟ್’ ಸಹಿತವಾದ ಅದೇ ಕೀಲಿ. ಹ್ರಸ್ವ ದೀರ್ಘಗಳಿಗೂ, ‘ನ’ ‘ಣ’ಗಳಿಗೂ, ‘ಲ’ ‘ಳ’ಗಳಿಗೂ ಇದೇ ನಿಯಮ. ‘ಧನ’ವನ್ನು ‘ದನ’ವೆಂದು ಬರೆಯುತ್ತಿದ್ದ ಮಕ್ಕಳು ‘ಶಿಫ್ಟ್ ಹಾಕಬೇಕಾ ಅಕ್ಕಾ?’ ಎಂದು ಕೇಳತೊಡಗಿದರು. ಕಂಪ್ಯೂಟರು ಪಾಠವು ತಾನಾಗಿ ವ್ಯಾಕರಣದ ಪಾಠವೂ ಆಯಿತು. ಕೈಕಟ್ಟಿ ಕುಳಿತಿದ್ದ ಹುಡುಗಿ ಒಂದೊಂದೇ ಕೀಲಿಯನ್ನು ಹುಡುಕಿ ತನ್ನ ಹೆಸರನ್ನು ಬರೆದಳು. ನಾಲ್ಕಕ್ಷರದ ಆ ಹೆಸರಿಗೆ ಐದು ನಿಮಿಷ ಹಿಡಿಯಿತು. ಬರೆದಾದ ಮೇಲೆ ಅವಳು ಎದ್ದು ಹೋಗಲಿಲ್ಲ. ತನ್ನ ಊರಿನ ಹೆಸರನ್ನೂ ಬರೆದಳು. ಇಂಗ್ಲಿಷನ್ನು ಕಲಿಯುವುದು ಬೇಡವೆಂದು ನಾನು ಹೇಳುವುದಿಲ್ಲ, ಅದು ಬೇಕೇ ಬೇಕು. ಆದರೆ ಎರಡು ಭಯಗಳನ್ನು ಒಂದೇ ಗಂಟಾಗಿ ಕಟ್ಟಿ ಎಳೆಯ ಮಗುವಿನ ತಲೆಯ ಮೇಲೆ ಹೊರಿಸಬಾರದು.

ಕರೆಂಟು ಇಲ್ಲದಾಗ ನಡೆದ ಪಾಠ

ಮೂರು ಯಂತ್ರಗಳಿಗೆ ಮೂವತ್ತೊಂದು ಮಕ್ಕಳಾದರೆ ಉಳಿದವರು ಏನು ಮಾಡಬೇಕು? ಕರೆಂಟು ಹೋದಾಗ ಎಲ್ಲರೂ ಏನು ಮಾಡಬೇಕು? ಕಂಪ್ಯೂಟರಿನ ಒಳಗುಟ್ಟನ್ನು ಯಂತ್ರವಿಲ್ಲದೆಯೇ ಕಲಿಸಬಹುದೆಂಬುದು ನಾನು ಕಂಡುಕೊಂಡ ಸಂತೋಷದ ಸಂಗತಿ.

ಯಂತ್ರಕ್ಕೆ ತಿಳಿದಿರುವುದು ‘ಇದೆ’, ‘ಇಲ್ಲ’ ಎಂಬ ಎರಡೇ ಸ್ಥಿತಿಗಳು. ಅವನ್ನೇ ಒಂದು, ಸೊನ್ನೆ ಎನ್ನುತ್ತೇವೆ. ಐದು ಮಕ್ಕಳನ್ನು ಸಾಲಾಗಿ ಕೂರಿಸಿ ಅವರ ಕೈಗೆ ೧೬, ೮, ೪, ೨, ೧ ಎಂಬ ಚೀಟಿಗಳನ್ನು ಕೊಟ್ಟೆನು. ನಾನು ‘ಹದಿಮೂರು’ ಎಂದರೆ ೮, ೪, ೧ ಚೀಟಿಯವರು ಏಳಬೇಕು, ಉಳಿದವರು ಕುಳಿತಿರಬೇಕು. ಎದ್ದವರಿಗೆ ಒಂದು, ಕುಳಿತವರಿಗೆ ಸೊನ್ನೆ ಬರೆದರೆ ೦೧೧೦೧ ಎಂದಾಯಿತು. ಐವರೂ ಎದ್ದರೆ ಎಷ್ಟೆಂದು ಕೂಡಿ ನೋಡಿದಾಗ ಮೂವತ್ತೊಂದು ಬಂದಿತು. “ನಮ್ಮ ಕ್ಲಾಸಿನ ಲೆಕ್ಕ!” ಎಂದು ಮಕ್ಕಳು ಕೂಗಿದರು.

ಅಲ್ಲಿಂದ ಅಕ್ಷರಕ್ಕೆ ಬರುವುದು ಸುಲಭವಾಯಿತು. ಯಂತ್ರವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಉಂಟು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ‘ಅ’ ಎಂದರೆ ೩೨೦೫, ‘ಕ’ ಎಂದರೆ ೩೨೨೧, ‘ಮ’ ಎಂದರೆ ೩೨೪೬. ಒತ್ತಕ್ಷರಕ್ಕೆ ಬೇಕಾದ ಹಲಂತದ ಗುರುತಿಗೆ ೩೨೭೭. ಆದ್ದರಿಂದ ನಮ್ಮ ಕಣ್ಣಿಗೆ ಎರಡೇ ಅಕ್ಷರವಾದ ‘ಅಮ್ಮ’ ಯಂತ್ರಕ್ಕೆ ನಾಲ್ಕು ಸಂಖ್ಯೆಗಳ ಸಾಲು: ೩೨೦೫, ೩೨೪೬, ೩೨೭೭, ೩೨೪೬. ಆ ದಿನ ಮಕ್ಕಳು ತಂತಮ್ಮ ಹೆಸರುಗಳ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಮನೆಗೆ ಹೋದರು.

ಅಪ್ಪಣೆಗಳನ್ನು ಕೊಡುವ ಕ್ರಮವನ್ನೂ ಶಾಲೆಯ ಅಂಗಳದಲ್ಲಿಯೇ ಕಲಿಸಿದೆನು. ಸೀಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು ೧೯೬೭ರಲ್ಲಿ ಮಕ್ಕಳಿಗಾಗಿ ‘ಲೋಗೋ’ ಎಂಬ ಭಾಷೆಯನ್ನು ರಚಿಸಿದರು. ಮುಂದೆ ಅದರಲ್ಲಿ ಅಪ್ಪಣೆಯಂತೆ ನಡೆದು ಗೆರೆ ಎಳೆಯುವ ‘ಆಮೆ’ಯೂ ಸೇರಿತು. ನಮ್ಮಲ್ಲಿ ಒಬ್ಬ ಹುಡುಗನೇ ಆಮೆಯಾದನು. “ಹತ್ತು ಹೆಜ್ಜೆ ಮುಂದೆ, ಬಲಕ್ಕೆ ತಿರುಗು” ಎಂಬುದನ್ನು ನಾಲ್ಕು ಸಲ ಹೇಳಿದಾಗ ಚೌಕವಾಯಿತು. ಒಬ್ಬಳು “ತಿರುಗು” ಎಂದು ಮಾತ್ರ ಹೇಳಿದಳು. ಆಮೆ ನಿಂತಲ್ಲಿಯೇ ಗಿರಗಿರನೆ ಸುತ್ತಿತು. ಯಂತ್ರವು ನಾವು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮಾಡುವುದಿಲ್ಲ, ಬಾಯಿಬಿಟ್ಟು ಹೇಳಿದ್ದನ್ನು ಮಾತ್ರ ಮಾಡುತ್ತದೆಂಬುದು ಅವರಿಗೆ ಆ ನಗುವಿನಲ್ಲಿಯೇ ತಿಳಿಯಿತು.

ನನ್ನದೊಂದು ತಪ್ಪು

ಎಲ್ಲವೂ ಹೀಗೆ ಸರಾಗವಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ಒಂದು ಶನಿವಾರ ಒಬ್ಬ ಹುಡುಗನು ತಮ್ಮ ಮನೆಯ ಹಸು ಕರು ಹಾಕಿದ ರಾತ್ರಿಯನ್ನು ಕುರಿತು ಬರೆಯಲು ತೊಡಗಿದನು. ಮುಕ್ಕಾಲು ಗಂಟೆ ತಲೆಯೆತ್ತದೆ ಕುಳಿತು ಹನ್ನೆರಡು ಸಾಲು ಬರೆದನು. ಹದಿಮೂರನೆಯ ಸಾಲಿನಲ್ಲಿ ಕರೆಂಟು ಹೋಯಿತು. ಮರಳಿ ಬಂದಾಗ ಬರೆದುದೊಂದೂ ಇರಲಿಲ್ಲ. “ಎಲ್ಲಿ ಹೋಯ್ತಕ್ಕಾ?” ಎಂದು ಕೇಳಿದನು. ಉತ್ತರ ನನಗೆ ಗೊತ್ತಿದ್ದಿತು; ಹೇಳಲು ಬಾಯಿ ಬರಲಿಲ್ಲ. ಬರೆದುದನ್ನು ಉಳಿಸುವ ಬಗೆಯನ್ನು ಮುಂದಿನ ವಾರಕ್ಕೆಂದು ಇಟ್ಟುಕೊಂಡಿದ್ದವಳು ನಾನು.

ಮರುವಾರ ಅವನು ಕೊಠಡಿಯ ಹೊರಗೇ ನಿಂತಿದ್ದನು. ತಪ್ಪು ನನ್ನದೆಂದು ಎಲ್ಲರ ಮುಂದೆ ಹೇಳಿ ಅವನನ್ನು ಒಳಗೆ ಕರೆದೆನು. ಆಮೇಲೆ ಒಂದು ಸ್ಲೇಟನ್ನೂ ಒಂದು ನೋಟುಪುಸ್ತಕವನ್ನೂ ಮೇಜಿನ ಮೇಲಿಟ್ಟು ಹೇಳಿದೆನು: “ನಾವು ಬರೆಯುತ್ತಿರುವಾಗ ಯಂತ್ರವು ಅದನ್ನು ಸ್ಲೇಟಿನ ಮೇಲೆ ಇಟ್ಟುಕೊಂಡಿರುತ್ತದೆ. ಕರೆಂಟು ಹೋದರೆ ಸ್ಲೇಟು ಒರೆಸಿದಂತೆ. ‘ಸೇವ್’ ಎಂದರೆ ಸ್ಲೇಟಿನಲ್ಲಿರುವುದನ್ನು ಪುಸ್ತಕಕ್ಕೆ ಎತ್ತಿ ಬರೆಯುವುದು. ಆ ಪುಸ್ತಕವೇ ಡಿಸ್ಕು. ಒಂದೊಂದು ಹಾಳೆ ಒಂದೊಂದು ಫೈಲು, ಹಾಳೆಗಳನ್ನು ಜೋಡಿಸಿಡುವ ಚೀಲ ಫೋಲ್ಡರು.” ಅಂದಿನಿಂದ ಪ್ರತಿ ಎರಡು ಸಾಲಿಗೊಮ್ಮೆ ‘ಕಂಟ್ರೋಲ್’ ಮತ್ತು ‘ಎಸ್’ ಕೀಲಿಗಳನ್ನು ಒಟ್ಟಿಗೆ ಒತ್ತುವುದು ತರಗತಿಯ ನಿಯಮವಾಯಿತು. ಹುಡುಗನು ಕರುವಿನ ಕಥೆಯನ್ನು ಮತ್ತೆ ಬರೆದನು. ಮೊದಲಿನಷ್ಟು ಚೆನ್ನಾಗಿ ಬರಲಿಲ್ಲವೆಂದು ಅವನೇ ಹೇಳಿದನು. ಹೊಸದಾಗಿ ಪಾಠ ಹೇಳಹೊರಟವರು ನನ್ನಿಂದ ಇದೊಂದನ್ನಾದರೂ ಕಲಿಯಲಿ: ಬರೆಯಲು ಕಲಿಸುವ ದಿನವೇ ಉಳಿಸಲು ಕಲಿಸಿರಿ.

ಮನೆಗೆ ಹೋಗುವ ವಿದ್ಯೆ

ಈ ಮಕ್ಕಳಲ್ಲಿ ಅನೇಕರು ತಮ್ಮ ಮನೆಗೆ ಓದಿ ಹೇಳುವವರು. ಬ್ಯಾಂಕಿನಿಂದ ಸಂದೇಶ ಬಂದರೆ ತಾಯಿ ಮೊಬೈಲನ್ನು ನೀಡುವುದು ಮಗಳ ಕೈಗೇ. ಆದಕಾರಣ ಕೊನೆಯ ಪಾಠಗಳನ್ನು ಎಚ್ಚರಿಕೆಗೆ ಮೀಸಲಿಟ್ಟೆನು. ಗುಪ್ತಪದವು ಮನೆಯ ಬೀಗದ ಕೈಯಿದ್ದಂತೆ, ಗೆಳತಿಗೂ ಕೊಡಬಾರದು. ಬ್ಯಾಂಕಿನವರೆಂದು ಹೇಳಿಕೊಂಡು ಯಾರೇ ಕೇಳಿದರೂ ಓ.ಟಿ.ಪಿ. ಸಂಖ್ಯೆಯನ್ನು ಹೇಳಬಾರದು. ಬಹುಮಾನ ಬಂದಿದೆಯೆಂಬ ಸಂದೇಶವನ್ನು ಒತ್ತಿ ನೋಡಬಾರದು. ತೆರೆಯ ಮೇಲೆ ಕಂಡುದೆಲ್ಲ ನಿಜವಲ್ಲ. ದೊಡ್ಡವರನ್ನೂ ಪುಸ್ತಕವನ್ನೂ ಕೇಳಿ ತಾಳೆ ನೋಡಬೇಕು.

ಕಡೆಯ ಶನಿವಾರ ಅರ್ಜಿಯ ನಮೂನೆಯೊಂದನ್ನು ನಾನೇ ತಯಾರಿಸಿ ಎಲ್ಲರಿಂದಲೂ ತುಂಬಿಸಿದೆನು. ‘ಇಂಗ್ಲಿಷ್ ಬರಲ್ಲ’ ಎಂದಿದ್ದ ಹುಡುಗಿಯ ಪಕ್ಕದಲ್ಲಿ ನಿಂತೆನು. ತನ್ನ ತಂದೆಯ ಹೆಸರನ್ನು ಬರೆದವಳು ಮುಂದಿನ ಅಂಕಣಕ್ಕೆ ಹೋಗುವ ಮೊದಲು, ತೆರೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಓದಿಕೊಂಡಳು. ಒಂದು ದೀರ್ಘ ಬಿಟ್ಟುಹೋಗಿತ್ತು. ಯಾರೂ ಹೇಳದೆಯೇ ಅಳಿಸಿ, ಶಿಫ್ಟ್ ಹಿಡಿದು ಸರಿಪಡಿಸಿದಳು.

ಕಂಪ್ಯೂಟರು ಪಂಡಿತರನ್ನು ತಯಾರು ಮಾಡುವ ಶಕ್ತಿ ನನಗಿಲ್ಲ, ಮಧ್ಯಮ ತರಗತಿಯ ಪಾಠದ ಗುರಿ ಅದೂ ಅಲ್ಲ. ತನ್ನ ಹೆಸರನ್ನು ತಾನೇ ಬರೆದು, ತಪ್ಪನ್ನು ತಾನೇ ಕಂಡು, ತಾನೇ ತಿದ್ದಿಕೊಳ್ಳುವಂತಾದರೆ ಮೊದಲ ಮೆಟ್ಟಿಲನ್ನು ಹತ್ತಿದಂತೆ. ನಮ್ಮ ಕಾಲೇಜಿನ ಸುತ್ತಮುತ್ತ ಇಂಥ ಶಾಲೆಗಳು ಹಲವಿವೆ. ಈ ವಿದ್ಯೆಗೆ ದೊಡ್ಡ ಪದವಿ ಬೇಡ. ನಮಗೆ ಬರುವಷ್ಟನ್ನು ತಾಳ್ಮೆಯಿಂದ ಹೇಳಿಕೊಟ್ಟರೆ ಸಾಕು. ಮುಂದಿನ ವರ್ಷ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆ ಶಾಲೆಯ ಶನಿವಾರಗಳನ್ನು ಕೈಗೆತ್ತಿಕೊಳ್ಳಲು ಕಿರಿಯ ಮಿತ್ರರಲ್ಲಿ ಒಬ್ಬರಾದರೂ ಮುಂದೆ ಬಂದರೆ ಈ ಲೇಖನ ಬರೆದುದು ಸಾರ್ಥಕವಾಗುವುದು.