ಕಾಕಾನ ಹಗ್ಗ, ನಿಮ್ಮ ವಹಿ

ಪ್ರಶ್ನೆ: ನಾನು ಗೋಕುಳ ಶಿರಗಾಂವದ ಫೌಂಡ್ರಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ವಯಸ್ಸು 35. ನಮ್ಮ ಹಿರಿಯರು ಕಟ್ಟಿದ ಹಳೆಯ ಸೇವಾ ಮಂಡಳಿಗೆ ಕಳೆದ ವರ್ಷ ನನ್ನನ್ನು ಅಧ್ಯಕ್ಷೆ ಮಾಡಿದರು. ಮಹಾಪೂರ ಬಂದಾಗ ಜನರನ್ನು ಹೊರತರುವುದು, ರಕ್ತದಾನ ಶಿಬಿರ, ದಿಕ್ಕಿಲ್ಲದವರ ಅಂತ್ಯಕ್ರಿಯೆ, ಇವು ನಮ್ಮ ಕೆಲಸ. ಖರ್ಚಿಗೆ ರಸೀದಿ ಬೇಕು, ನೀರಿಗಿಳಿಯುವವರು ಲೈಫ್ ಜಾಕೆಟ್ ಹಾಕಬೇಕು, ಹೆಣ್ಣುಮಕ್ಕಳಿಗೂ ಜವಾಬ್ದಾರಿ ಕೊಡಬೇಕು ಎಂದು ವಾಟ್ಸಾಪ್ ಗ್ರೂಪಿನಲ್ಲಿ ನಿಯಮ ಹಾಕಿದೆ. ಅಂದಿನಿಂದ ಹಿರಿಯರು ಸಭೆಗೆ ಬರುತ್ತಿಲ್ಲ. ತಂದೆಯಂತಿದ್ದ ಕಾಕಾ, “ನಾವು ಎದಿಮಟ ನೀರಾಗ ನಿಂತಾಗ ನೀ ಇನ್ನೂ ಸಾಲಿಗಿ ಹೊಂಟಿದ್ದಿ” ಅಂದರು. ಮಂಡಳಿಯ ಹಗ್ಗ ಅವರ ಮನೆಯಲ್ಲೇ ಇದೆ, ಕೇಳಿದರೆ ಕೊಡುತ್ತಿಲ್ಲ. ನನಗೆ ರಾತ್ರಿ ನಿದ್ದೆ ಇಲ್ಲ. ರಾಜೀನಾಮೆ ಕೊಟ್ಟುಬಿಡಲೇ?

ಉತ್ತರ: ಇಲ್ಲಿ ನಿಮ್ಮ ಪತ್ರವನ್ನು ಚಿಕ್ಕದು ಮಾಡಿ ಹಾಕಿದ್ದೇವೆ. ಪೂರ್ತಿ ಪತ್ರದಲ್ಲಿ ಕಾಕಾ ಆಡಿದ ಆ ಮಾತನ್ನು ಮೂರು ಕಡೆ ಬರೆದಿದ್ದೀರಿ. ಪರರು ಅಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಎತ್ತಿ ಆಡಿಸಿದವರು ಅಂದಾಗ ಅದು ಊಟಕ್ಕೆ ಕೂತಾಗಲೂ ನೆನಪಾಗುತ್ತದೆ, ಮಲಗಿದಾಗಲೂ. ಸಂಬಳವಿಲ್ಲದ ಕೆಲಸಕ್ಕೆ ನಿಮ್ಮ ಭಾನುವಾರಗಳನ್ನು ಕೊಟ್ಟು, ಮೇಲೆ ಈ ಮಾತನ್ನೂ ಕೇಳಬೇಕಾಯಿತು. ನಿಮಗೆ ಸಿಟ್ಟು ಬಂದಿದ್ದರೆ, ಅಳು ಬಂದಿದ್ದರೆ, ಅದು ಸಹಜ.

ಈಗ ಅದೇ ಮಾತನ್ನು ನನ್ನ ಜೊತೆ ಇನ್ನೊಮ್ಮೆ ಓದಿ. ರಸೀದಿಯಾಗಲಿ, ಜಾಕೆಟ್ಟಾಗಲಿ, ಹೆಣ್ಣುಮಕ್ಕಳಾಗಲಿ ಅದರಲ್ಲಿ ಎಲ್ಲೂ ಇಲ್ಲ. ಅದರಲ್ಲಿರುವುದು ನೀರು ಮಾತ್ರ. ಪಂಚಗಂಗೆಯ ನೀರು ರಾಜಾರಾಮ ಬಂಧಾರದ ಹತ್ತಿರ 39 ಅಡಿ ಮುಟ್ಟಿದರೆ ಎಚ್ಚರಿಕೆ, 43 ಅಡಿ ಮುಟ್ಟಿದರೆ ಅಪಾಯ ಎಂದು ನಿಮ್ಮ ಕಡೆಯ ಮಕ್ಕಳಿಗೂ ಗೊತ್ತು. 2019ರ ಆಗಸ್ಟಿನಲ್ಲಿ ಅದು 55 ಅಡಿ ದಾಟಿತು. ಉತ್ತರಕ್ಕೆ ಶಿರೋಳಿಯ ಹತ್ತಿರ ಹೆದ್ದಾರಿ ಮುಳುಗಿತು, ದಕ್ಷಿಣಕ್ಕೆ ನಿಪ್ಪಾಣಿಯ ಈಚೆ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿತು. ನಡುವೆ ಸಿಕ್ಕಿಕೊಂಡ ನಿಮ್ಮ ಊರಿನವರಿಗೆ ಆ ದಿನಗಳನ್ನು ನಾನು ಬಣ್ಣಿಸಬೇಕಿಲ್ಲ. 2005ರಲ್ಲೂ, 2021ರಲ್ಲೂ ಅದೇ ಕಥೆ. ಅಂಥ ನೀರಿನಲ್ಲಿ ನಿಂತವರಿಗೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಅವರ ಬಳಿ ಉಳಿದಿರುವುದು ಬಾಗಿಲ ಹಿಂದೆ ಮೊಳೆಗೆ ಸುತ್ತಿ ತೂಗುಹಾಕಿದ, ಕೈ ತಾಗಿ ತಾಗಿ ಕಪ್ಪಾದ ಆ ಹಗ್ಗ ಒಂದೇ. ಹೊಸ ನಿಯಮ ಫೋನಿನಲ್ಲಿ ಬಂದಾಗ ಅವರಿಗೆ ಕೇಳಿಸಿದ್ದು ಬಹುಶಃ ಇಷ್ಟೇ: “ನೀವು ಇಷ್ಟು ದಿನ ಮಾಡಿದ್ದು ತಪ್ಪು.” ನೀವು ಹಾಗೆ ಹೇಳಲಿಲ್ಲ. ಆದರೂ ಅವರಿಗೆ ಹಾಗೆ ಕೇಳಿಸಿತು.

ಇದು ನಿಮ್ಮೊಬ್ಬರ ಪಾಲಿಗೆ ಬಂದ ಸಂಕಟವಲ್ಲ. 1863ರಲ್ಲಿ ಜಿನೀವಾದಲ್ಲಿ ಹುಟ್ಟಿದ ರೆಡ್ ಕ್ರಾಸ್‌ಗೆ ಮೊದಲು ಇದ್ದದ್ದು ಒಂದೇ ಕೆಲಸ, ಯುದ್ಧದಲ್ಲಿ ಗಾಯಗೊಂಡವರ ಆರೈಕೆ. ಮೊದಲ ಮಹಾಯುದ್ಧ ಮುಗಿದ ಮೇಲೆ, ಶಾಂತಿಯ ಕಾಲದಲ್ಲೂ ರೋಗರುಜಿನ, ವಿಪತ್ತುಗಳಲ್ಲಿ ದುಡಿಯಬೇಕು ಎಂದು ಕೆಲವರು 1919ರಲ್ಲಿ ಪ್ಯಾರಿಸ್‌ನಲ್ಲಿ ರೆಡ್ ಕ್ರಾಸ್ ಸೊಸೈಟಿಗಳ ಒಕ್ಕೂಟ ಕಟ್ಟಿದರು. ಜಿನೀವಾದ ಹಿರಿಯರು ತಮ್ಮನ್ನು ಬದಿಗೆ ಸರಿಸಿದರೆಂದು ನೊಂದುಕೊಂಡರು. ಯಾರ ಕೆಲಸ ಯಾವುದು ಎಂದು ಕೂತು ಒಪ್ಪಿಕೊಂಡು ಬರೆದದ್ದು 1928ರಲ್ಲಿ. ಒಂಬತ್ತು ವರ್ಷ! ಅಷ್ಟು ದೊಡ್ಡ ಸಂಸ್ಥೆಗೇ ಅಷ್ಟು ಕಾಲ ಹಿಡಿಯಿತು. ನೀವು ಒಂದೇ ವರ್ಷಕ್ಕೆ ಸೋತೆ ಎನ್ನುತ್ತಿದ್ದೀರಿ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಕೇಳಿದ್ದೆಲ್ಲ ಸರಿ, ಕೇಳಿದ ರೀತಿ ಸರಿಯಿರಲಿಲ್ಲ. ಆ ರೀತಿಗೆ ಕ್ಷಮೆ ಕೇಳಿ. ಕೇಳಿದ್ದಕ್ಕೆ ಕ್ಷಮೆ ಕೇಳಬೇಡಿ.

ಹೀಗೆ ಮಾಡಿ. ಒಂದು ಸಂಜೆ ಒಬ್ಬರೇ ಕಾಕಾನ ಮನೆಗೆ ಹೋಗಿ. ಫೈಲು ಬೇಡ. ಚಹಾ ಕುಡಿದ ಮೇಲೆ ಹಗ್ಗದ ಮಾತು ತೆಗೆಯದೆ 2005ರ ಮಹಾಪೂರದ ಮಾತು ತೆಗೆಯಿರಿ. ನೀರು ಮೊದಲು ಯಾವ ಓಣಿಗೆ ನುಗ್ಗುತ್ತದೆ, ಕತ್ತಲಲ್ಲಿ ಯಾವ ದಾರಿ ನಂಬಬಹುದು, ಯಾರ ಮನೆಯ ಅಜ್ಜಿ ಎಮ್ಮೆ ಬಿಟ್ಟು ಬರಲು ಒಪ್ಪುವುದಿಲ್ಲ, ಎಲ್ಲ ಕೇಳಿ. ಚಿಖಲಿ, ಆಂಬೆವಾಡಿ ಕಡೆ ದನಕರುಗಳನ್ನು ಬಿಟ್ಟು ಬರಲಾರದೆ ಜನ ಒಳಗೇ ಉಳಿದದ್ದು ನಿಮಗೆ ನೆನಪಿರಬೇಕು. ಅಂಥವರ ಮನವೊಲಿಸುವ ಮಾತು ಯಾವ ತರಬೇತಿಯ ಪುಸ್ತಕದಲ್ಲೂ ಸಿಗದು, ಕಾಕಾನ ಬಾಯಲ್ಲಿದೆ. ನೀವು ವಹಿ ಬರೆಯುವವರು. ಅದನ್ನೆಲ್ಲ ಅವರ ಮುಂದೆಯೇ ಒಂದು ವಹಿಯಲ್ಲಿ ಬರೆದುಕೊಳ್ಳಿ. ತಾವು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುತ್ತಿದ್ದಾರೆಂದು ಕಂಡಾಗ ಹಿರಿಯರ ದನಿಯೇ ಬದಲಾಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಲೈಫ್ ಜಾಕೆಟ್ ಮಾತ್ರ ಮತಕ್ಕೆ ಹಾಕುವ ವಿಷಯವಲ್ಲ. ಅಲ್ಲಿ ಸಡಿಲ ಬಿಡಬೇಡಿ. ಆದರೆ ಅದನ್ನು ನೀವೇ ಹೇಳಬೇಕೆಂದಿಲ್ಲ, ತರಬೇತಿ ಕೊಡುವವರು ಹೇಳಲಿ. ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ‘ಆಪದಾ ಮಿತ್ರ’ ಯೋಜನೆಯ 12 ದಿನಗಳ ತರಬೇತಿ ಸಿಗುವುದೇ ಎಂದು ವಿಚಾರಿಸಿ. ಹೋಗುವ ತಂಡದಲ್ಲಿ ಹುಡುಗಿಯರೂ ಇರಲಿ. ರಸೀದಿಯದೂ ಹಾಗೆಯೇ. ಮಂಡಳಿ ನೋಂದಣಿಯಾಗಿದ್ದರೆ ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ, 1950 ಲೆಕ್ಕ ಇಡಲೇಬೇಕೆನ್ನುತ್ತದೆ. ವಿಶ್ವಸ್ತರು ಬದಲಾದರೆ 90 ದಿನದೊಳಗೆ ಧರ್ಮಾದಾಯ ಆಯುಕ್ತರ ಕಚೇರಿಗೆ ತಿಳಿಸಬೇಕು. ನಿಮ್ಮ ಮಂಡಳಿಯಿಂದ ಅದು ಹೋಗಿದೆಯೇ ಎಂದೂ ಒಮ್ಮೆ ನೋಡಿ.

ಇಚಲಕರಂಜಿ, ಗಡಹಿಂಗ್ಲಜದಲ್ಲಿ ಕೂತು ಇದನ್ನು ಓದುತ್ತಿರುವ ಹಿರಿಯರೇ, ನಿಮ್ಮಲ್ಲೂ ಒಂದು ವಿನಂತಿ. ಮಗಳ ವಯಸ್ಸಿನವಳು ರಸೀದಿ ಕೇಳಿದರೆ ನಿಮ್ಮ ಮೇಲೆ ಸಂಶಯಪಟ್ಟಳೆಂದು ತಿಳಿಯಬೇಡಿ. ನೀವು ಗಳಿಸಿದ ಹೆಸರು ಹಾಳಾಗದಿರಲಿ ಎಂದೇ ಆಕೆ ಕೇಳುತ್ತಿದ್ದಾಳೆ.

ಮತ್ತೆ ನಿಮ್ಮ ಪತ್ರಕ್ಕೆ ಬರುತ್ತೇನೆ. ನಿದ್ದೆಯ ವಿಷಯ ಹಗುರಾಗಿ ನೋಡಬೇಡಿ. ಎರಡು ವಾರಕ್ಕಿಂತ ಹೆಚ್ಚಾಗಿದ್ದರೆ ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ. ರಾಜೀನಾಮೆ ಕೊಡುವ ಹಕ್ಕು ನಿಮಗೆ ಯಾವತ್ತೂ ಇದೆ. ನೋವು ಹಸಿಯಾಗಿರುವಾಗ ಮಾತ್ರ ಆ ಕಾಗದ ಬರೆಯಬೇಡಿ, ಈ ಮಳೆಗಾಲ ಕಳೆಯಲಿ.

ಮಿರಗ ಮಳೆ ಕೂಡುವ ಮೊದಲು ಒಂದು ಭಾನುವಾರ ಎಲ್ಲರನ್ನೂ ಕರೆಯಿರಿ. ಸಭೆ ಬೇಡ. ಹಗ್ಗ ಬಿಚ್ಚಿ ಬಿಸಿಲಿಗೆ ಹರಡಲಿ, ಎಲ್ಲಿ ಸವೆದಿದೆ ಎಂದು ಕಾಕಾ ಬೆರಳಾಡಿಸಿ ತೋರಿಸಲಿ, ಹೊಸ ಹುಡುಗ ಹುಡುಗಿಯರು ಜಾಕೆಟ್ ತೊಟ್ಟು ಸುತ್ತ ಕೂರಲಿ. ಗಂಟು ಹಾಕುವುದನ್ನು ಕಾಕಾ ಕಲಿಸುವಾಗ ಮೊದಲ ಸಾಲಿನಲ್ಲಿ ನೀವು ಕೂತಿರಿ.