ರೈಲಿನ ಕಂಪನದಿಂದ ವಿದ್ಯುತ್

ಓಡುವ ರೈಲಿನ ಅದುರುವಿಕೆ ಪ್ರಯಾಣಿಕರೆಲ್ಲರಿಗೂ ಚಿರಪರಿಚಿತ. ಹಳಿಗಳ ಜೋಡಣೆ, ಗಾಲಿಗಳ ಸವೆತ, ತಿರುವು ಮುಂತಾದ ಕಾರಣಗಳಿಂದ ಉಂಟಾಗುವ ಈ ಕಂಪನವನ್ನು ಸ್ಪ್ರಿಂಗುಗಳೂ ಡ್ಯಾಂಪರುಗಳೂ ತಗ್ಗಿಸುತ್ತವೆ. ಅದರಲ್ಲಿ ಅಡಗಿದ್ದ ಶಕ್ತಿಯು ಕೊನೆಗೆ ಶಾಖವಾಗಿ ವ್ಯರ್ಥವಾಗುತ್ತದೆ. ಈ ಶಕ್ತಿಯ ಅಲ್ಪಭಾಗವನ್ನಾದರೂ ವಿದ್ಯುತ್ತಾಗಿ ಪರಿವರ್ತಿಸಿಕೊಳ್ಳಲು ಸಾಧ್ಯವಿದೆ.

ಎರಡು ವಿಧಾನಗಳು

ಮೊದಲನೆಯದು, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವನ್ನು ಆಧರಿಸಿದೆ. ಸ್ಪ್ರಿಂಗಿಗೆ ಜೋಡಿಸಿದ ಅಯಸ್ಕಾಂತವು ಗಾಡಿ ಅದುರಿದಂತೆಲ್ಲ ತಂತಿಸುರುಳಿಯೊಳಗೆ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಆಗ ಸುರುಳಿಯಲ್ಲಿ ವಿದ್ಯುತ್ ಉಂಟಾಗುತ್ತದೆ. ಎರಡನೆಯದು, 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದ ಪೀಜೋ ವಿದ್ಯುತ್ ಪರಿಣಾಮ. ಕ್ವಾರ್ಟ್ಸ್ ಮೊದಲಾದ ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ತಲೆದೋರುತ್ತದೆ.

ಉಯ್ಯಾಲೆಯನ್ನು ಅದರ ಓಲಾಟಕ್ಕೆ ಸರಿಯಾಗಿ ತಳ್ಳಿದರೆ ಅದು ಎತ್ತರಕ್ಕೆ ಜೀಕುತ್ತದೆ. ಅಂತೆಯೇ ಸ್ಪ್ರಿಂಗಿನ ಸ್ವಾಭಾವಿಕ ಆವೃತ್ತಿಯು ಗಾಡಿಯ ಕಂಪನದ ಆವೃತ್ತಿಯೊಡನೆ ಹೊಂದಿಕೊಂಡಾಗ ಹೆಚ್ಚು ವಿದ್ಯುತ್ ದೊರೆಯುತ್ತದೆ. ಆದರೆ ವೇಗ ಬದಲಾದಂತೆ ಕಂಪನವೂ ಬದಲಾಗುವುದರಿಂದ ಈ ಹೊಂದಾಣಿಕೆ ಸುಲಭಸಾಧ್ಯವಲ್ಲ.

ದೊರೆಯುವ ಪ್ರಮಾಣ

ಇಂತಹ ಒಂದು ಚಿಕ್ಕ ಸಾಧನದಿಂದ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್ ವಿದ್ಯುತ್ ಲಭಿಸುತ್ತದೆ. ನಮ್ಮ ದೇಶದ ಹಳೆಯ ಮಾದರಿಯ ಹವಾನಿಯಂತ್ರಣರಹಿತ ಬೋಗಿಗಳಲ್ಲಿ, ಗಾಲಿಯ ಅಚ್ಚಿನಿಂದ ಬೆಲ್ಟಿನ ಮೂಲಕ ತಿರುಗುವ 4.5 ಕಿಲೋವ್ಯಾಟ್ ಸಾಮರ್ಥ್ಯದ ಆಲ್ಟರ್ನೇಟರ್ ದೀಪ ಮತ್ತು ಫ್ಯಾನುಗಳಿಗೆ ವಿದ್ಯುತ್ ಒದಗಿಸುತ್ತದೆ. ಒಂದೊಂದು ಕಂಪನ ಸಾಧನವೂ 5 ಮಿಲಿವ್ಯಾಟ್ ನೀಡುವುದೆಂದು ಭಾವಿಸಿದರೆ, ಆ ಒಂದು ಆಲ್ಟರ್ನೇಟರಿಗೆ ಸಮನಾಗಲು 9 ಲಕ್ಷ ಸಾಧನಗಳು ಬೇಕಾಗುತ್ತವೆ! ಇದಲ್ಲದೆ, ಕಂಪನಕ್ಕೆ ಶಕ್ತಿ ಒದಗುವುದು ಎಂಜಿನ್ನಿನಿಂದಲೇ ಎಂಬುದನ್ನೂ ಮರೆಯಲಾಗದು.

ನಿಜವಾದ ಪ್ರಯೋಜನ

ಹಾಗಾದರೆ ಈ ಅಲ್ಪ ವಿದ್ಯುತ್ತಿನಿಂದೇನು ಉಪಯೋಗ? ಗಾಲಿಯ ಬೇರಿಂಗ್ ಕೆಟ್ಟು ಅತಿಯಾಗಿ ಕಾಯ್ದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪುವ ಅಪಾಯವಿದೆ. ಬೇರಿಂಗಿನ ಉಷ್ಣತೆಯನ್ನೂ ಕಂಪನವನ್ನೂ ಅಳೆದು, ಆ ಮಾಹಿತಿಯನ್ನು ಆಗಾಗ್ಗೆ ನಿಸ್ತಂತುವಾಗಿ ಕಳುಹಿಸುವ ಸಂವೇದಕಕ್ಕೆ ಕೆಲವು ಮಿಲಿವ್ಯಾಟ್ ಸಾಕು. ಸರಕು ಸಾಗಿಸುವ ಸಾಮಾನ್ಯ ವ್ಯಾಗನ್‌ಗಳಲ್ಲಿ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಪ್ರತಿಯೊಂದು ಗಾಲಿಯ ಬಳಿಯೂ ಬ್ಯಾಟರಿ ಬದಲಾಯಿಸುತ್ತಿರುವುದು ಶ್ರಮದ ಕೆಲಸ. ಕಂಪನದಿಂದಲೇ ನಡೆಯುವ ಸಂವೇದಕಕ್ಕೆ ತಂತಿಯೂ ಬೇಡ, ಬ್ಯಾಟರಿಯ ಬದಲಾವಣೆಯೂ ಬೇಡ.

ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ ಪರ್ಪೆಚುಯಂ ಎಂಬ ಸಂಸ್ಥೆಯು ಇಂತಹ ಸಾಧನಗಳನ್ನು ಅಲ್ಲಿನ ಪ್ರಯಾಣಿಕ ರೈಲುಗಳಿಗೆ ಅಳವಡಿಸಿತು. 2021ರಲ್ಲಿ ಅದನ್ನು ಹಿಟಾಚಿ ರೈಲ್ ಸಂಸ್ಥೆ ಕೊಂಡುಕೊಂಡಿತು.

ಬೋಗಿಯ ದೀಪ ಬೆಳಗಿಸಲು ಸಾಲದ ಈ ವಿದ್ಯುತ್ತು, ಕೆಡುತ್ತಿರುವ ಗಾಲಿಯ ಬಗ್ಗೆ ಸಕಾಲದಲ್ಲಿ ಎಚ್ಚರಿಕೆ ನೀಡಿ ಪ್ರಯಾಣಿಕರ ಪ್ರಾಣರಕ್ಷಣೆಗೆ ನೆರವಾಗಬಲ್ಲದು.